ಆಮೆನ್‌ಗೆ ಮುಂಚಿನ ನಡುಕ

ಭಾನುವಾರದ ಊಟಕ್ಕೆ ಹೆಂಡತಿ ಆಶಾಲತಾಳ ಕೈ ಹಿಡಿದು ಜಯಕರ ಪ್ರಾರ್ಥನೆ ಶುರುಮಾಡಿದ್ದೇ ತಡ, ಸೊಂಟದ ಪೇಜರು ನಡುಗಿತು. ನಡುಗಿತೆಂದರೆ ಎಂಥ ನಡುಕ! ಮೌಂಟನ್ ವ್ಯೂ ಊರಿಗೇ ಭೂಕಂಪ ಬಡಿದಂತೆ ತಟ್ಟೆಯಲ್ಲಿ ಕೋರಿರೊಟ್ಟಿಯ ಕೋಳಿಸಾರು ತುಳುಕಿತು.

ಜಯಕರನ ಜೀವ ಬಾಯಿಗೆ ಬಂತು. ಡಾಟ್‌ಕಾಮ್ ಕಂಪನಿಗಳು ತರಗೆಲೆಯಂತೆ ಉದುರುತ್ತಿದ್ದ ಕಾಲ. ಪೇಜರಿಗೆ ಬಂದ ಆಫೀಸಿನ ಕರೆಗೆ ಓಗೊಡದವನ ಕುರ್ಚಿ ಸೋಮವಾರ ಖಾಲಿ. ಮೇಲಾಗಿ ಅವನು ಮಾಡುವುದನ್ನೆಲ್ಲ ಕರ್ತನಿಗೇ ಎಂದು ಮಾಡುವವನು. ಸರ್ವರುಗಳನ್ನು ಕಾಯುವ ನೂರಾಳಿನ ಕೆಲಸವನ್ನು ಒಬ್ಬನೇ ಎಳೆಯುತ್ತಿದ್ದ. ತಾನು ಮಲಗಿದರೆ ಲೋಕದ ಇಂಟರ್ನೆಟ್ಟೇ ಮಲಗೀತೆಂದು ನಡುಗುತ್ತಿದ್ದ. ಕೈ ಕೊಸರಿದ. ಆಶಾಲತಾಳದು ಉಡದ ಪಟ್ಟು.

“ಆಮೆನ್ ಆಗ್ಲಿ ರೀ. ಎಲ್ಲಿಗೆ ಓಟ?”

“ಪೇಜರ್ ಹೊಡ್ಕೋತಿದೆ ಕಣೇ! ಬಿಡು, ಕೆಲಸ ಹೋಗತ್ತೆ!”

ಆಶಾಲತಾ ಕಣ್ಣು ತೆರೆದಳು. ನಗಲಿಲ್ಲ. “ಚರ್ಚಿಗೆ ಹೋಗುವಾಗ ಪೇಜರನ್ನ ಕಾರಲ್ಲೇ ಬಿಟ್ರಲ್ಲ. ನಡುಗ್ತಿರೋದು ನೀವು.”

ಜಯಕರ ಬಗ್ಗಿ ಸೊಂಟ ನೋಡಿಕೊಂಡ. ಬರೀ ಬೆಲ್ಟು. ಅವಳ ಹಿಡಿತದಲ್ಲಿದ್ದ ಅವನ ಕೈ ಮಾತ್ರ ನಡುಗುತ್ತಲೇ ಇತ್ತು.

ಸಾರು ಕುಡಿದ ರೊಟ್ಟಿ ಮೆತ್ತಗಾಗುತ್ತಿತ್ತು. ಅವನು ಮತ್ತೆ ಕಣ್ಣು ಮುಚ್ಚಿದ. “ಕರ್ತನೇ, ಇವತ್ತೊಂದು ದಿನ ಇಂಟರ್ನೆಟ್ಟನ್ನು ನೀನೇ ನೋಡಿಕೋ. ನನಗೊಂದು ನಿದ್ದೆ ಕೊಡು.”

“ಆಮೆನ್,” ಎಂದಳು ಆಶಾಲತಾ. ಕೈ ಬಿಡಲಿಲ್ಲ.