ಲತಾಮಣಿಯ ದೂರು

ಎರಡನೆಯ ಫೋಟೊದಲ್ಲಿ ಆ ಹೆಂಗಸು ನಟರಾಜುವಿನ ಸ್ವೆಟರ್ ತೊಟ್ಟಿದ್ದಳು.

ಎಡತೋಳಿನಲ್ಲಿ ಒಂದು ಹೆಣಿಗೆ ತಪ್ಪಿತ್ತು. ಆ ತಪ್ಪು ಲತಾಮಣಿಯದೇ. ಗಂಡ ದೇಶ ಬಿಡುವ ಮುನ್ನ ಅವಸರದಲ್ಲಿ ಮುಗಿಸಿಕೊಟ್ಟ ಸ್ವೆಟರ್ ಅದು. ಈಗ ಎಲ್ಲಿಯದೋ ಚಳಿಯಲ್ಲಿ ಇನ್ನೊಬ್ಬಳ ಮೈಯನ್ನು ಬೆಚ್ಚಗಿಟ್ಟಿತ್ತು.

“ಯಾರು ಇವ್ಳು?”

“ಅವರ ವಕೀಲೆ,” ಎಂದಳು ಸರ್ಕಾರದ ತನಿಖಾಧಿಕಾರಿ ಶಾಲಿನಿ. “ಇಬ್ಬರೂ ಈಗ ಒಂದೇ ಕಟ್ಟಡದಲ್ಲಿ ವಾಸವಾಗಿದ್ದಾರೆ.”

ಶಾಲಿನಿ ದೆಹಲಿಯಲ್ಲಿ ಹುಟ್ಟಿ ಬೆಳೆದವಳು. ಮನೆಮಾತು ಕನ್ನಡ ಎಂಬ ಕಾರಣಕ್ಕೇ ಅವಳನ್ನು ರಾಮನಗರಕ್ಕೆ ಕಳಿಸಿದ್ದರು. ಅವಳ ಕನ್ನಡ ಇಸ್ತ್ರಿ ಮಾಡಿದ ಸೀರೆಯಂತೆ ಎಲ್ಲಿಯೂ ಮುದುಡದೆ ನಿಲ್ಲುತ್ತಿತ್ತು.

ನಟರಾಜು ಈ ಊರಿನ ಸಣ್ಣ ಪ್ರಕಾಶಕ. ಸರ್ಕಾರ ತನ್ನದೇ ಪ್ರಜೆಗಳ ಫೋನು ಕದ್ದು ಕೇಳುತ್ತಿದ್ದುದರ ರಹಸ್ಯ ಕಡತಗಳು ಹೇಗೋ ಅವನ ಕೈಸೇರಿದವು. ಅವನ್ನು ಪುಸ್ತಕವಾಗಿ ಅಚ್ಚು ಹಾಕಿದ. ಈಗ ಯುರೋಪಿನ ಪುಟ್ಟ ದೇಶವೊಂದರಲ್ಲಿ ರಾಜಕೀಯ ಆಶ್ರಯ ಬೇಡಿ ಕುಳಿತಿದ್ದ. ಅವನನ್ನು ತನಗೆ ಹಸ್ತಾಂತರಿಸಬೇಕೆಂದು ಸರ್ಕಾರ ಅಲ್ಲಿಯ ನ್ಯಾಯಾಲಯದ ಮೆಟ್ಟಿಲೇರಿತ್ತು. ಮರಳಿ ತಂದರೆ ಅವನ ಮುಪ್ಪೆಲ್ಲ ಸೆರೆಮನೆಯಲ್ಲೇ.

“ನಿಮ್ಮೊಡನೆ ಮಾತನಾಡಿ ಎಷ್ಟು ದಿನವಾಯಿತು?”

“ಮಾಘದಲ್ಲಿ ಹೋದೋರು. ಯುಗಾದಿಗೊಂದು ಸಲ ಫೋನ್ ಮಾಡಿದ್ರು. ಆಮೇಕೆ ಇಲ್ಲ.”

ಪಕ್ಕದ ಮನೆಯ ಅಮೀರುನ್ನೀಸಾ ಬಾಗಿಲಲ್ಲಿ ಇಣುಕಿದಳು. ರೇಷ್ಮೆ ನೂಲು ಬಿಚ್ಚುವ ಮನೆತನದವಳು. ಎಳೆ ಎಲ್ಲಿ ಸಡಿಲವಾಗಿದ್ದರೂ ಅವಳ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು.

“ಯಾ ಅಲ್ಲಾ! ಅದು ನೀವು ಹೆಣೆದಿದ್ದ ಸ್ವೆಟರ್ ಅಲ್ವಾ ಲತಕ್ಕ? ನಮ್ಮನೆಯೋರು ಕೊಟ್ಟಿದ್ನ ಪೆಟ್ಟಿಗೇಲಿಡ್ತಾರೆ. ನಿಮ್ಮೋರು ಪರದೇಶದಲ್ಲಿ ದಾನ ಮಾಡ್ತಾವ್ರೆ.”

“ಒಲೆ ಮೇಲೆ ಏನಾರ ಇಟ್ಟಿದ್ರೆ ಹೋಗಿ ನೋಡ್ಕಳಮ್ಮಿ,” ಎಂದಳು ಲತಾಮಣಿ.

ಅವಳು ಹೋದ ಮೇಲೆ ಲತಾಮಣಿ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಂಡನ ಕೆನ್ನೆ ತುಂಬಿತ್ತು. ಯಾರ ಅಡುಗೆ? ಬೈತಲೆ ಎಡದಿಂದ ಬಲಕ್ಕೆ ಸರಿದಿತ್ತು. ಯಾರು ಹೇಳಿದ್ದು? ಇಷ್ಟು ವರ್ಷ ತಾನು ಹೇಳಿ ಸೋತ ಮಾತನ್ನು ಯಾರೋ ಒಂದು ಚಳಿಗಾಲದಲ್ಲಿ ಸಾಧಿಸಿಬಿಟ್ಟಿದ್ದಳು. ಎದೆಯೊಳಗೆ ಹಸಿ ಸೌದೆ ಹೊತ್ತಿಕೊಂಡಂತೆ ಹೊಗೆಯಾಡಿತು.

ಶಾಲಿನಿ ಕಾಯುತ್ತಿದ್ದಳು. ಕಾಯುವುದು ಅವಳ ಕಸುಬು.

“ರಹಸ್ಯ ಪ್ರಕಟಿಸಿದ್ದಕ್ಕೆ ಆ ದೇಶ ಅವರನ್ನು ಒಪ್ಪಿಸುವುದಿಲ್ಲ. ಅದು ರಾಜಕೀಯ ಎನ್ನುತ್ತಾರೆ. ಹೆಂಡತಿಗೆ ಹೊಡೆದವನನ್ನಾದರೆ ಒಪ್ಪಿಸುತ್ತಾರೆ. ಸಂಸಾರ ಎಂದ ಮೇಲೆ ಏನಾದರೂ ನಡೆದೇ ಇರುತ್ತದೆ, ಅಲ್ಲವೇ?”

“ನಾನು ಇಲ್ಲ ಅಂದ್ರೆ?”

“ಇನ್ನೊಬ್ಬರು ಯಾರಾದರೂ, ಇನ್ನೊಂದು ಅಪರಾಧಕ್ಕೆ, ಹೌದು ಅನ್ನುತ್ತಾರೆ. ಹೇಗಿದ್ದರೂ ನಿಮಗೆ ಅವರು ಸಿಗುವುದಿಲ್ಲ. ಅವಳಿಗಂತೂ ಸಿಕ್ಕಿದ್ದಾರೆ.”

ಲತಾಮಣಿ ಫೋಟೊ ಮಗುಚಿಟ್ಟಳು. ಗೋಡೆಯ ಕ್ಯಾಲೆಂಡರಿನ ತಿಂಗಳುಗಳ ಮೇಲೆ ಕಣ್ಣಾಡಿಸಿದಳು.

“ಬರ್ಕಳಿ. ವರದಕ್ಷಿಣೆ ಸಾಲ್ದು ಅಂತ ಹೊಡುದ್ರು. ಇದೇ ಮನೇಲಿ. ನಮ್ಮತ್ತೆ ಕಣ್ಮುಂದ್ಲೇ.”

“ಅತ್ತೆ ಈಗ?”

“ತೀರ್ಕಂಡ್ರು.”

ಶಾಲಿನಿಯ ಮುಖ ತುಸು ಸಡಿಲವಾಯಿತು. “ಯಾವಾಗ ಹೊಡೆದದ್ದು? ಕಾಲ ಖಚಿತವಾಗಿರಬೇಕು.”

“ಮದ್ವೆ ಆಗಿದ್ದು ಮೇ ತಿಂಗಳಲ್ಲಿ. ಹೊಡುದದ್ದು ಅದೇ ವರ್ಷ, ಜುಲೈ ನಡುಮಧ್ಯೆ. ಹಂಗೇ ಹಾಕಿ.”

“ಮದುವೆಯಾದ ಹೊಸತರಲ್ಲೇ! ಇದು ಇನ್ನೂ ಗಟ್ಟಿಯಾಯಿತು,” ಎಂದಳು ಶಾಲಿನಿ. ಅವಳ ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ಓಡಿದವು. ಲತಾಮಣಿ ಸಹಿ ಹಾಕಿದಳು.

ವಿಚಾರಣೆಯ ದಿನ ರಾಮನಗರದ ಕೋಣೆಯೊಂದರಲ್ಲಿ ದೊಡ್ಡ ಪರದೆಯ ಮುಂದೆ ಅವಳನ್ನು ಕೂರಿಸಿದರು. ಶಾಲಿನಿ ಪಕ್ಕದಲ್ಲೇ ಇದ್ದಳು. ಪರದೆಯಲ್ಲಿ ಆ ದೇಶದ ನ್ಯಾಯಾಲಯ; ಬಿಳಿಗೂದಲಿನ ನ್ಯಾಯಾಧೀಶರು; ಒಂದು ಬದಿಗೆ ನಟರಾಜು, ಅವನಿಗೆ ತಾಗಿದಂತೆ ಆ ವಕೀಲೆ.

ಕೊನೆಯ ಗಳಿಗೆಯಲ್ಲಿ ಸಲ್ಲಿಸಿದ ಆ ದೂರನ್ನು ಓದಿದರು. ನಟರಾಜು ಕುಸಿದಂತೆ ತಲೆ ತಗ್ಗಿಸಿದ. ಹೆಂಡತಿಯ ಕಡೆ ಕಣ್ಣೆತ್ತಲಿಲ್ಲ. ಓದು ಮುಂದುವರಿದು ಜುಲೈಗೆ ಬಂದಾಗ ತಟ್ಟನೆ ತಲೆಯೆತ್ತಿದ. ಮರುಗಳಿಗೆಯೇ ಪಕ್ಕದವಳ ಕಿವಿಗೆ ಬಾಗಿದ. ಅವಳ ಕೂದಲು ಅವನ ಕೆನ್ನೆಗೆ ತಾಗಿತು. ಪಿಸುಮಾತು ನಿಲ್ಲಲೇ ಇಲ್ಲ. ಅವಳು ಮುಗುಳ್ನಕ್ಕು ಅವನ ಕೈಯನ್ನು ಮೆಲ್ಲಗೆ ಒತ್ತಿದಳು.

ಸಮುದ್ರಗಳಾಚೆಯ ಆ ಒಂದು ಸ್ಪರ್ಶ ಲತಾಮಣಿಯ ಕಣ್ಣಿನಲ್ಲಿ ಮುಳ್ಳಿನಂತೆ ನೆಟ್ಟಿತು. ಆದರೂ ಅವಳು ನೋಟ ಕೀಳಲಿಲ್ಲ.

ವಕೀಲೆ ಎದ್ದು ನಿಂತಳು. ದುಭಾಷಿ ಅವಳ ಪ್ರಶ್ನೆಯನ್ನು ಕನ್ನಡಕ್ಕೆ ತಂದ. “ಆ ಜುಲೈ ನಡುವಿನಲ್ಲಿ ನೀವು ಯಾರ ಮನೆಯಲ್ಲಿದ್ದಿರಿ?”

“ತಿಪ್ಪಸಂದ್ರದಲ್ಲಿ, ನಮ್ಮವ್ವನ ಮನೇಲಿ.”

ಶಾಲಿನಿ ಸರಕ್ಕನೆ ಅವಳತ್ತ ತಿರುಗಿದಳು.

“ಅದು ಮದ್ವೆಯಾದ ಮೊದ್ಲ ಆಷಾಢ ಸ್ವಾಮಿ. ನಮ್ಮ ಕಡೆ ಆ ತಿಂಗ್ಳು ಅತ್ತೆ ಸೊಸೆ ಒಂದೇ ಹೊಸ್ಲು ದಾಟಂಗಿಲ್ಲ. ಹೊಸ ಹೆಣ್ಣು ತವರಲ್ಲೇ ಇರ್ಬೇಕು. ಇವ್ರು ನನ್ನ ನೋಡಕ್ಕೆ ಅಂತ ಬಂದು ತಿಪ್ಪಸಂದ್ರದ ಬಸ್ ಸ್ಟ್ಯಾಂಡಲ್ಲಿ ನಿಂತ್ಕಂತಿದ್ರು. ಒಳಕ್ಕೆ ಬರಂಗಿಲ್ವಲ್ಲ! ಊರೋರೆಲ್ಲ ನೋಡಿ ನಕ್ಕವ್ರೆ. ಯಾರ್ನ ಬೇಕಾದ್ರೂ ಕೇಳಿ.”

“ಹಾಗಾದರೆ ಈ ದೂರು?” ನ್ಯಾಯಾಧೀಶರೇ ಕೇಳಿದರು.

“ಸುಳ್ಳು. ಇವ್ರನ್ನ ಹಿಡಿಯಕ್ಕೆ ಎಂಥ ಕೇಸ್ ಬೇಕಾದ್ರೂ ಕಟ್ತಾರೆ ಅಂತ ನಾನು ಬಾಯಲ್ಲಿ ಹೇಳಿದ್ರೆ ನೀವು ನಂಬ್ತಿರ್ಲಿಲ್ಲ. ಅದ್ಕೇ ಕಟ್ಟಕ್ಕೆ ಬುಟ್ಟೆ. ಇದಕ್ಕೆ ನನ್ನ ಜೈಲಿಗೆ ಹಾಕಿದ್ರೂ ಹಾಕ್ಲಿ.”

ಪರದೆಯ ಆ ಕಡೆ ನಟರಾಜು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ವಕೀಲೆಯ ಕೈ ಅವನ ಭುಜದ ಮೇಲೆ ಬಂದು ಕುಳಿತಿತು. ಲತಾಮಣಿ ಅದನ್ನು ಕಣ್ತುಂಬ ನೋಡಿದಳು.

“ಅವ್ರನ್ನ ಇಲ್ಲಿಗೆ ಕಳುಸ್ಬೇಡಿ ಸ್ವಾಮಿ. ಅಲ್ಲೇ, ಆ ವಕೀಲಮ್ಮನ ಪಕ್ಕದಲ್ಲೇ ಇರ್ಲಿ.”