ಗಪ್ ಕುಂತವರಿಗೆ ಉಂಡಿ

ಮುಂಬೈಯ ಲೋಕಲ್ ರೈಲಿನಲ್ಲಿ ಯಾರಾದರೂ ಶೇಂಗಾ ಉಂಡಿಯ ಡಬ್ಬಿ ತೆರೆದರೆ ಈಗಲೂ ಜೋಗೇಶ್ವರಿ ಚಾಳಿನ ಆ ಮಧ್ಯಾಹ್ನ ನೆನಪಾಗುತ್ತದೆ.

ರಾತ್ರಿಪಾಳಿ ಮುಗಿಸಿದ್ದ ಅಪ್ಪ ಮಲಗಿದ್ದ. "ಗಪ್ ಕುಂತವ್ರಿಗಷ್ಟ ಉಂಡಿ!" ಎಂದು ಅಜ್ಜಿ ನಮ್ಮೈವರು ಮಕ್ಕಳನ್ನು ಸದ್ದು ಮಾಡದಂತೆ ಸಾಲಾಗಿ ಕೂರಿಸಿದಳು. ಅವಳು ಬೆನ್ನು ತಿರುಗಿಸಿದ್ದೇ ತಡ, ನಾನು ಸೊಂಟಕ್ಕೆ ಕೈಯಿಟ್ಟು ಅವಳಂತೆಯೇ ಮೂತಿ ಮಾಡಿದೆ. ತಂಗಿಯೂ ಪಕ್ಕದ ಖೋಲಿಯ ಮೂವರೂ ಕಿಸಕ್ಕನೆ ನಕ್ಕು ಉಂಡಿ ಕಳೆದುಕೊಂಡರು. ಅವಳು ತಿರುಗುವಷ್ಟರಲ್ಲಿ ಸಾಧುವಿನಂತೆ ಕೂತಿದ್ದ ನನಗೆ ಮಾತ್ರ ಸಿಕ್ಕಿತು.

"ಇವನ್ನ ನೋಡಿ ಕಲೀರಿ!" ಎಂದಳು ಅಜ್ಜಿ.

ತಂಗಿಯ ಕಣ್ಣು ತುಂಬಿತು. ಬೆಲ್ಲ ನನ್ನ ಬೆರಳಿಗೆ ಅಂಟಿತ್ತು, ಉಂಡಿ ಬಾಯಿಗೆ ಹೋಗಲಿಲ್ಲ. ಅಜ್ಜಿಯ ಎದುರೇ ಸೊಂಟಕ್ಕೆ ಕೈಯಿಟ್ಟು, ಅದೇ ಮೂತಿ ಮಾಡಿ, ಅವಳ ದನಿಯಲ್ಲೇ ಕೂಗಿದೆ: "ಇವನ್ನ ನೋಡಿ ಕಲೀರಿ!"

ಹೊದ್ದ ಕೌದಿಯೊಳಗಿಂದ ಅಪ್ಪ, ಅಜ್ಜಿಯೇ ಗದರಿದಳೆಂದುಕೊಂಡು ನಿದ್ದೆಗಣ್ಣಲ್ಲೇ, "ಹೂಂ ಯವ್ವಾ, ಕಲೀತೇನಿ" ಎಂದ.

ಅಜ್ಜಿಯೇ ಗೊಳ್ಳೆಂದು ನಕ್ಕಳು. ನನ್ನ ಉಂಡಿ ಕಸಿದುಕೊಂಡು ಅವರಿಗೆಲ್ಲ ಒಂದೊಂದು ಕೊಟ್ಟಳು. ನಾಲ್ವರೂ ತಮ್ಮ ಉಂಡಿ ಮುರಿದು ನನಗೊಂದೊಂದು ತುಂಡು ಕೊಟ್ಟರು. ಕೂಡಿಸಿದರೆ ಅಜ್ಜಿ ಕಸಿದ ಉಂಡಿಗಿಂತ ದೊಡ್ಡದಾಯಿತು.