ಉಳಿಸುವ ಗುಂಡಿ, ಅಳಿಸುವ ಗುಂಡಿ

"ಹನ್ನೆರಡು, ಮೂರು, ಐದು, ಎಪ್ಪತ್ತು."

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅವನು ಮಗ್ಗಿ ಒಪ್ಪಿಸುವ ಹಾಗೆ ಉರು ಹೊಡೆಯುತ್ತಿದ್ದ. ಕೈಯಲ್ಲಿ ಫೋನು, ಅದರ ತುಂಬ ಬಣ್ಣದ ಚುಕ್ಕೆಗಳ ಹಾಳೆಗಳು. ಆಫೀಸಿಗೆ ಕಣ್ಣಿನ ಡಾಕ್ಟರು ಬರುವ ದಿನ. ನಿನ್ನೆಯೇ ಸರದಿಯ ಪಟ್ಟಿಯಲ್ಲಿ ತನ್ನ ಹೆಸರನ್ನು ಎಲ್ಲರಿಗಿಂತ ಕೆಳಗೆ ಬರೆದು ಬಂದಿದ್ದ. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಇವತ್ತು ರಟ್ಟಾದರೆ ಕೆಲಸ ಹೋದ ಹಾಗೆಯೇ.

ಹನ್ನೊಂದು ಕಡೆ ಬೇಡವೆನಿಸಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದವರಿಗೆಂದು ಸಾಫ್ಟ್‌ವೇರ್ ಪರದೆಗೆ ಬಣ್ಣ ಹೊಂದಿಸುವುದು. ಕನ್ನಡಿಯಲ್ಲಿ ತನ್ನ ಮುಖ ಕಂಡಾಗಲೆಲ್ಲ ಅವನಿಗೆ ನಗು ಬರುತ್ತಿತ್ತು. ಈ ಕೆಲಸಕ್ಕೆ ಲೋಕದಲ್ಲಿ ಬೇರೆ ಕಣ್ಣೇ ಸಿಗಲಿಲ್ಲವೇ!

"ಕಾಲುಚೀಲ ಸರಿಯಾಗಿದೆಯಾ ನೋಡೇ," ಹೊರಗೆ ಬಂದವನು ಹೆಂಡತಿಯ ಮುಂದೆ ಕಾಲು ಚಾಚಿದ.

"ಸರಿಯಾಗಿದೆ, ಯಾರಿಗೂ ಅನುಮಾನ ಬರಲ್ಲ. ಆದ್ರೆ ಡಾಕ್ಟ್ರು ಕಾಲು ನೋಡಕ್ಕೆ ಬರ್ತಾರೇನ್ರೀ?"

ಪರೀಕ್ಷೆಗೆ ಕಾರಣ ಒಂದು ಪತ್ರ. "ನಿಮ್ಮ ಬಣ್ಣದ ಥೀಮ್‌ನಲ್ಲಿ ಉಳಿಸುವ ಗುಂಡಿ, ಅಳಿಸುವ ಗುಂಡಿ ಎರಡೂ ನನ್ನ ಕಣ್ಣಿಗೆ ಒಂದೇ ಬಣ್ಣ. ನನ್ನ ಎರಡು ವರ್ಷದ ಬರವಣಿಗೆ ಅಳಿಸಿಹೋಯಿತು" ಎಂದು ಯಾರೋ ಬರೆದಿದ್ದರು. ಆ ಗುಂಡಿಗಳ ಬಣ್ಣ ಆರಿಸಿದ್ದು ಅವನೇ. ಅವನೂ ಸೇರಿ ವಿಭಾಗದ ಏಳು ಜನರೂ ಪರದೆಯ ಮುಂದೆ ಕೂತು ನೋಡಿದರು. ಕೊನೆಗೆ ವಿಭಾಗದ ಮುಖ್ಯಸ್ಥೆ ಮೇಡಂ "ಹೌದಲ್ಲ" ಎಂದರು. ಉಳಿದವರೂ "ಹೌದಲ್ಲ" ಎಂದರು. ಅವನು ಎಲ್ಲರಿಗಿಂತ ಜೋರಾಗಿ ಎಂದ. "ಇಷ್ಟು ಕಣ್ಣು ದಾಟಿ ಇದು ಹೊರಗೆ ಹೋಗಿದ್ದಾದರೂ ಹೇಗೆ?" ಎಂದು ಕಂಪನಿಯ ಯಜಮಾನರು ಡಾಕ್ಟರನ್ನು ಕರೆಸಿದರು.

ಮೀಟಿಂಗ್ ಕೋಣೆಯಲ್ಲಿ ಡಾಕ್ಟರು ಚುಕ್ಕೆಗಳ ಪುಸ್ತಕ ತೆರೆದರು.

"ಹನ್ನೆರಡು," ಎಂದ. ಹಾಳೆ ತಿರುಗಿತು. "ಮೂರು." ಮತ್ತೊಂದು. "ಐದು." ಇನ್ನೊಂದು. "ಎಪ್ಪತ್ತು." ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. ಬುದ್ಧಿ ಇಲ್ಲದಿದ್ದರೂ ಉರು ಹೊಡೆಯುವುದರಲ್ಲಿ ಗಟ್ಟಿಗ ಎಂದು ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಅಷ್ಟರಲ್ಲಿ ಡಾಕ್ಟರು ಹತ್ತಾರು ಹಾಳೆ ಹಾರಿಸಿ ಪುಸ್ತಕದ ಕೊನೆಯ ಕಡೆ ಹೋದರು. ಅವನ ಲೆಕ್ಕ ತಪ್ಪಿತು. ಕಣ್ಣು ಕಿರಿದು ಮಾಡಿ ನೋಡಿದ, ಅಗಲ ಮಾಡಿ ನೋಡಿದ. ಬರೀ ಚುಕ್ಕೆ.

"ಇದರಲ್ಲಿ ಯಾವ ಅಂಕಿ?"

"ಏನೂ ಕಾಣ್ತಿಲ್ಲ ಡಾಕ್ಟ್ರೇ," ಎಂದುಬಿಟ್ಟ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಾಣಲೂಬಾರದು. ಈ ಹಾಳೆಯ ಅಂಕಿ ಕಾಣೋದು ಬಣ್ಣಗುರುಡು ಇರೋರಿಗೆ ಮಾತ್ರ. ಮೊದಲ ನಾಲ್ಕಕ್ಕೆ ಅವರ ಉತ್ತರಾನೇ ಚೆನ್ನಾಗಿ ಉರು ಹೊಡೆದಿದ್ದೀರಿ. ಆದ್ರೆ ನಿಮ್ಮ ಕಣ್ಣಲ್ಲಿ ಒಂದೂ ದೋಷ ಇಲ್ಲ."

ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೈ ಮುಗಿದ.

"ದೋಷ ಇದೆ ಅಂತ ಬರೆದುಕೊಡಿ ಡಾಕ್ಟ್ರೇ. ಬಣ್ಣಗುರುಡು ಇರೋರಿಗೆ ಮಾತ್ರ ಈ ಕೆಲಸ ಅಂದಿದ್ರು, ಸುಳ್ಳು ಹೇಳಿ ಸೇರಿದೆ. ನಂಬಲಿ ಅಂತ ದಿನಾ ಒಂದು ಕೆಂಪು, ಒಂದು ಹಸಿರು ಕಾಲುಚೀಲ ಹಾಕ್ಕೊಂಡು ಬರ್ತೀನಿ. ಆ ಎರಡು ಗುಂಡಿ ನನಗೆ ಬೇರೆ ಬೇರೆಯಾಗೇ ಕಂಡಿದ್ವು. ಯಾರದೋ ಎರಡು ವರ್ಷ ಹಾಳು ಮಾಡಿದೆ. ಉಳಿದ ಆರು ಜನ ಪಾಪ, ನಿಜವಾಗ್ಲೂ ಕಾಣದವರು. ಅವರಿಗೆ ಹೇಗೆ ಮುಖ ತೋರಿಸಲಿ?"

"ಬೆಳಗ್ಗೆಯಿಂದ ಹೀಗೆ ಬಾಗಿಲು ಮುಚ್ಚಿ ಕೈ ಮುಗಿದವರಲ್ಲಿ ನೀವು ಏಳನೆಯವರು ಕಣ್ರೀ," ಎಂದರು ಡಾಕ್ಟರು, "ಮೊದಲನೆಯವರು ನಿಮ್ಮ ಮೇಡಂ."